ನಲವತ್ತೆಂಟರ ನೇಮ

ಮೃಣಾಲ ಮೂರು ದಿನದ ನಿರ್ಜಲ ಉಪವಾಸದ ನೇಮ ತೆಗೆದುಕೊಂಡಳೆಂದು ನಮ್ಮ ಅತ್ತೆ ಜಿನಮತಿಯವರು ಸಾಂಗ್ಲಿಯ ವಿಶ್ರಾಮಬಾಗದ ಅರ್ಧ ಓಣಿಗೆ ಸಕ್ಕರೆ ಹಂಚಿ ಬಂದರು.

"ಈಗಿನ ಹುಡುಗ್ಯಾರು ದಶಲಕ್ಷಣ ಪರ್ವದಾಗೂ ಗಾಡಿ ಮುಂದ ನಿಂತು ಪಾವಭಾಜಿ ತಿಂತಾವ. ನನ್ನ ಮೊಮ್ಮಗಳನ್ನ ನೋಡ್ರಿ, ನೀರು ಸೈತ ಬಿಟ್ಟಾಳ," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು.

ಬಸದಿಯಲ್ಲಿ ಹೆಂಗಸರು ನನ್ನ ಕೈ ಹಿಡಿದು, "ತ್ರಿಶಲಾ, ಪುಣ್ಯವಂತಿ ನೀ," ಅಂದರು. ಆದರೆ ನನ್ನ ಮಗಳು ಭಾರ ಎತ್ತುವ ಹುಡುಗಿ. ಮೂರನೆಯ ದಿನದ ಸಂಜೆಯೇ ಪುಣೆಯಲ್ಲಿ ಏಷ್ಯಾದ ಜೂನಿಯರ್ ಪಂದ್ಯಕ್ಕೆ ಹೋಗುವ ತಂಡದ ಆಯ್ಕೆ ಇತ್ತು. ಅವಳ ಗುಂಪು ನಲವತ್ತೆಂಟು ಕಿಲೋದ್ದು. ಎತ್ತುವ ಮೊದಲು ಮೈತೂಕ ನೋಡುತ್ತಾರೆ. ನಲವತ್ತೆಂಟಕ್ಕಿಂತ ಒಂದು ಹಿಡಿ ಹೆಚ್ಚಾದರೂ ಹೊರಗೆ. ಗಣಪತಿ ಕೂರುವ ಹೊತ್ತಿಗೆ ಅವಳು ಐವತ್ತೊಂದು ಇದ್ದಳು.

ಎರಡನೆಯ ದಿನ ಮಧ್ಯಾಹ್ನ ಬಚ್ಚಲಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಅವಳು ಸ್ವೆಟರ್ ಕಳಚುತ್ತಿದ್ದಳು. ಅದರ ಒಳಗೆ ಪ್ಲಾಸ್ಟಿಕ್. ಅವಳ ಅಪ್ಪನ ಅಂಗಡಿಯಲ್ಲಿ ಅರಿಶಿನದ ಪುಡಿ ತುಂಬುವ ದಪ್ಪ ಚೀಲ. ಕುತ್ತಿಗೆಗೆ ಒಂದು, ತೋಳುಗಳಿಗೆ ಎರಡು ತೂತು ಕತ್ತರಿಸಿ, ಬೆವರು ಇಳಿಯಲೆಂದು ಅಂಗಿಯಂತೆ ತೊಟ್ಟಿದ್ದಳು. ಅಂಚಿನಲ್ಲಿ ಉಳಿದಿದ್ದ ಅರಿಶಿನ ಬೆವರಿಗೆ ಇಳಿದು ಹೊಟ್ಟೆಯೆಲ್ಲ ಮದುಮಗಳ ಮೈಯಂತೆ ಹಳದಿಯಾಗಿತ್ತು. ಸ್ವೆಟರ್ ಬದಿಗಿಟ್ಟು ಲೋಟ ಹಿಡಿದು ಅದಕ್ಕೆ ಉಗುಳಿದಳು. ಉಗುಳೂ ತೂಕವೇ.

"ಇದು ಉಪವಾಸ ಏನು?" ಅಂದೆ.

ಅವಳು ಬೆಚ್ಚಲಿಲ್ಲ. "ಸುಮ್ನ ಊಟ ಬಿಟ್ಟಿದ್ರ ನೀ ಬಿಡ್ತಿದ್ದ್ಯೇನು ಆಯೀ? ತುತ್ತು ಮಾಡಿ ಬಾಯಿಗೆ ಇಡ್ತಿದ್ದಿ. ನೇಮ ಅಂದ್ರ ಯಾರೂ ಹತ್ರ ಬರೂದಿಲ್ಲ. ಅಜ್ಜೀನ ಕಾವಲಾ."

"ನಾಳೆ ತೂಕ ಆದ ಮ್ಯಾಲ?"

"ಕುಡೀತೀನಿ. ಎತ್ತಬೇಕಲ್ಲ."

"ನೇಮ ನಾಡದ ಮುಂಜಾನಿ ತನಕ ಅದ, ಅಂದ್ರ ಮುರೀತಿ. ಸಂಜಿಕ್ಕ ಮುರಿಯೂದು ಈಗ ಮುರಿ. ಒಂದ ಗುಟುಕು."

"ಸಂಜಿಕ್ಕ," ಅಂದಳು. "ಅದರ ಪಾಪ ನಂದು. ನೀ ಕಾಳಜಿ ಮಾಡಬ್ಯಾಡ."

ತುಟಿಗಳು ಒಡೆದಿದ್ದವು. ಮಾತಿನ ನಡುವೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ನನ್ನ ತವರು ಮೀರಜ್ ಹತ್ತಿರದ ಸಲಗರೆ. ಅಪ್ಪನ ಕಾಲಕ್ಕೆ ಆಟ ಅಂದರೆ ಕುಸ್ತಿ ಒಂದೇ. ನಮ್ಮ ಜೈನರಲ್ಲೂ ಪೈಲವಾನರಿದ್ದರು, ಹಾಲು ಬದಾಮಿಯ ಮೇಲೆ ಮಣ್ಣಿಗಿಳಿಯುತ್ತಿದ್ದರು. ಪೈಲವಾನನ ಹೊಟ್ಟೆ ತುಂಬಿಸುವುದು ಇಡೀ ಊರಿನ ಕೆಲಸ. ಎಮ್ಮೆ ಈದರೆ ಮೊದಲ ತಂಬಿಗೆ ಹಾಲು ತಾಲೀಮಿಗೆ, ಅಂದರೆ ಗರಡಿಗೆ, ಹೋಗುತ್ತಿತ್ತು. ಕೇಬಲ್ ಬಂದಿತು, ಓಣಿಯೆಲ್ಲ ಕ್ರಿಕೆಟ್ ಆಯಿತು. ಸಾಂಗ್ಲಿ ಮೀರಜ್ ನಡುವಿನ ಬಯಲುಗಳಲ್ಲಿ ಅಪಾರ್ಟ್‌ಮೆಂಟ್ ಎದ್ದವು, ತಾಲೀಮು ಪತ್ರಾಸ್ ತಗಡಿನ ಶೆಡ್ಡಿಗೆ ಸರಿಯಿತು. ಆ ಶೆಡ್ಡಿಗೆ ಭಾರ ಎತ್ತುವುದು ಕಲಿಯಲು ನನ್ನ ಮಗಳು ತಾನಾಗಿಯೇ ನಡೆದು ಹೋದಳು.

ಅವಳ ಕೋಣೆಯ ಗೋಡೆಗೆ ಏಷ್ಯಾದ ಭೂಪಟ. ಮಂಗೋಲಿಯಾದಲ್ಲಿ ಕುಸ್ತಿ, ಇಂಡೋನೇಷ್ಯಾದಲ್ಲಿ ಬ್ಯಾಡ್ಮಿಂಟನ್, ಇರಾನಿನಲ್ಲಿ ಭಾರ ಎತ್ತಿದವನಿಗೆ ಬೀದಿಯಲ್ಲಿ ಹೂವು, ಚೀನಾದಲ್ಲಿ ಪುಟ್ಟ ಹುಡುಗಿಯರಿಗೂ ಇದಕ್ಕೆಂದೇ ಶಾಲೆ ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದಳು. "ನಲವತ್ತೆಂಟು ಅಂದ್ರ ಎಲ್ಲಾ ದೇಶದಾಗೂ ನಲವತ್ತೆಂಟ ಆಯೀ. ಕನ್ನಡದಾಕಿ ಏನು, ಮರಾಠಿಯಾಕಿ ಏನು, ಯಾರೂ ಕೇಳೂದಿಲ್ಲ." ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು; ಹೆಮ್ಮೆಯಿಂದ ಕೇಳುತ್ತಿದ್ದೆ. ಈಗ ಆ ಭೂಪಟ ನೋಡಿದರೆ ಒಂದೊಂದು ದೇಶದಲ್ಲೂ ಒಬ್ಬೊಬ್ಬ ತಾಯಿ ಬಚ್ಚಲಿನ ಬಾಗಿಲಿಗೆ ಕಿವಿಯಿಟ್ಟು ನಿಂತಂತೆ ಕಾಣಿಸಿತು.

ಅವಳ ಅಪ್ಪ ವ್ಯಾಪಾರಕ್ಕೆ ಈರೋಡಿಗೆ ಹೋಗಿದ್ದರು. ನಾನು ತಾಲೀಮಿಗೆ ಓಡಿದೆ. ಕಲಿಸುವ ಶಿದ್ರಾಮ ಸರ್ ಬೇರೆ ಹುಡುಗಿಯರೊಂದಿಗೆ ಅಂದೇ ಪುಣೆಗೆ ಹೊರಡಲು ಚೀಲ ಕಟ್ಟುತ್ತಿದ್ದರು.

"ಮೂರು ದಿನಾ?" ಅವರ ಕೈ ನಿಂತಿತು. "ಬಾಯೀ, ನಾ ಕಡೀ ದಿನ ನೀರು ಕಡಿಮಿ ಮಾಡು ಅಂದಿದ್ದೆ. ಪೂರಾ ಬಿಡು ಅಂದಿಲ್ಲ."

"ಮ್ಯಾಲಿನ ಗುಂಪಿನಾಗ ಎತ್ತಸ್ರಿ. ಐವತ್ಮೂರು."

"ಅಲ್ಲಿ ಮಣಿಪುರದ ಹುಡುಗಿ ಅದಾಳ. ಅಕಿ ಮುಂದ ನಮ್ಮಾಕಿ ನಡ್ಯಾಂಗಿಲ್ಲ. ಅದು ನಿಮ್ಮ ಮಗಳಿಗೂ ಗೊತ್ತದ."

"ಹಂಗಾರ ನೀವ ಬಂದು ಒಂದು ಮಾತು ಹೇಳ್ರಿ, ಕುಡಿ ಅಂತ."

ಅವರು ಹೊರಗೆ ನೋಡಿದರು. "ಬಸದ್ಯಾಗ ತಗೊಂಡ ನೇಮ ಬಾಯೀ. ನಾ ಬ್ಯಾರೆ ಮಂದಿ. ನಾ ಮುರಿಸಿದೆ ಅಂತಾದ್ರ ನಾಳೆ ನಿಮ್ಮ ಸಮಾಜದ ಒಂದು ಹುಡುಗೀನೂ ಇಲ್ಲಿ ಕಾಲಿಡಾಂಗಿಲ್ಲ. ನಿಮ್ಮ ಅತ್ತಿಯವರಿಗೆ ಹೇಳ್ರಿ. ಮನಿ ಹಿರ್ಯಾರು ಅವರು."

ಅತ್ತೆಗೆ ಎಲ್ಲ ಹೇಳಿದೆ. ಪ್ಲಾಸ್ಟಿಕ್ ಚೀಲವನ್ನೂ ತಂದು ಮುಂದೆ ಹಾಕಿದೆ. ಅವರು ಅದನ್ನು ಮುಟ್ಟಲಿಲ್ಲ. ಜಪದ ಮಣಿ ಕೆಳಗಿಟ್ಟರು.

"ಆಸೆ ಇಟ್ಟು ಮಾಡಿದ ವ್ರತ ಮುಳ್ಳಿದ್ದಂಗ," ಅಂದರು.

"ಮತ್ತ ಕೀಳ್ರಿ ಆ ಮುಳ್ಳು. ನೀವು ಹೇಳಿದ್ರ ಕುಡೀತಾಳ."

ಅವರು ಎದ್ದು ಮೊಮ್ಮಗಳ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ಮೃಣಾಲ ಅಜ್ಜಿಯ ಪಾದ ಮುಟ್ಟಿ ಕೇಳಿದಳು: "ಅಜ್ಜಿ, ಕೈ ಮುಗದು ಹಿಡದ ನೇಮ ಜೀವ ಹೋದ್ರೂ ಬಿಡಬಾರದು ಅಂತ ಯಾರು ಕಲಿಸ್ಯಾರು ನನಗ?"

ಅತ್ತೆ ಪಾದ ಹಿಂದಕ್ಕೆಳೆದುಕೊಂಡರು. ಹೊರಗೆ ಬಂದಾಗ ನನ್ನ ಮುಖ ನೋಡಲಿಲ್ಲ. "ಒಂದು ದಿನ ಅದ. ತಡಿ ತ್ರಿಶಲಾ. ಎಲ್ಲಾರ ಮುಂದ ಸಂಕಲ್ಪ ಮಾಡ್ಯಾಳ. ನಾ ಹ್ಯಾಂಗ ಬಿಡು ಅನ್ನಲಿ?"

ಮರುದಿನ ಮುಂಜಾನೆ ಪುಣೆಯ ರೈಲು ಹಿಡಿಯಲು ಮೀರಜ್ ಜಂಕ್ಷನ್‌ಗೆ ರಿಕ್ಷಾದಲ್ಲಿ ಹೋದೆವು. ದಾರಿಯಲ್ಲಿ ಅವಳ ಕಾಲಿನ ಹಿಂಬದಿಯ ಪಿಂಡರಿ ಎರಡು ಸಲ ಗಂಟು ಕಟ್ಟಿತು. ನಾನು ತಿಕ್ಕಲು ಹೋದರೆ ಕೈ ತಳ್ಳಿದಳು. ನನ್ನ ಚೀಲದಲ್ಲಿ ಉಪ್ಪು ಸಕ್ಕರೆ ಹಾಕಿದ ನೀರಿತ್ತು. ನಿಲ್ದಾಣದಲ್ಲಿ ಬಣ್ಣದ ದೀಪ ಉರಿಯುವ ತೂಕದ ಯಂತ್ರ ಕಂಡ ಕೂಡಲೇ ಅವಳು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು. ಚೀಟಿ ಬಂತು. ಓದಿದವಳ ಮುಖ ಕುಸಿಯಿತು. ನಲವತ್ತೊಂಬತ್ತು.

"ಈ ಮಶೀನು ಎಂದರ ಖರೆ ಹೇಳತಾವೇನು? ಬಾ, ಕುಂದ್ರು," ಅಂದೆ.

"ಬಟ್ಟಿದು ಅರ್ಧ ಕಿಲೋ. ಇನ್ನರ್ಧ..." ಎನ್ನುತ್ತ ಅವಳು ಪಾದಚಾರಿ ಸೇತುವೆಯತ್ತ ನೋಡಿದಳು. ನಾನು ತೋಳು ಹಿಡಿಯುವ ಮೊದಲೇ ಮೆಟ್ಟಿಲು ಹತ್ತಿ ಓಡತೊಡಗಿದ್ದಳು. ಸ್ವೆಟರಿನೊಳಗೆ ಮತ್ತೆ ತೊಟ್ಟಿದ್ದ ಪ್ಲಾಸ್ಟಿಕ್ ಸರಸರ ಅನ್ನುತ್ತಿತ್ತು. ಹತ್ತಿದಳು, ಇಳಿದಳು. ಮತ್ತೆ ಹತ್ತಿದಳು. ಹಮಾಲರು ನಿಂತು ನೋಡಿದರು. "ಅಹೋ ಬಾಯೀ, ಪೋರಗೀಲಾ ಕಾಯ್ ಝಾಲಂ?" ಎಂದೊಬ್ಬ ಮರಾಠಿಯಲ್ಲಿ ಕೇಳಿದ. ಹುಡುಗಿಗೆ ಏನಾಗಿದೆ ಎಂದು ಅವನು ಕೇಳುತ್ತಿದ್ದಂತೆ ನಾನು ಮೆಟ್ಟಿಲತ್ತ ನಡೆದೆ.

ನಡುವಿನ ಮೆಟ್ಟಿಲಲ್ಲಿ ಅವಳು ಕುಳಿತಳು. ಕುಳಿತಳು ಅಂದುಕೊಂಡೆ. ಹತ್ತಿರ ಹೋದಾಗ ತಲೆ ಕಂಬಿಗೆ ಒರಗಿತ್ತು. ಬೆವರೇ ಇರಲಿಲ್ಲ, ಮೈ ಒಲೆಯ ಹಾಗಿತ್ತು. ನನ್ನನ್ನೇ ನೋಡಿ, "ಸರ್, ಬಾರ್ ಲಾವಲಾ ಕಾ?" ಅಂದಳು. ಕಬ್ಬಿಣ ಜೋಡಿಸಿ ಆಯಿತೇ ಎಂದು ನನ್ನನ್ನು ಕೇಳುತ್ತಿದ್ದಳು. ಬಾಟಲಿ ತುಟಿಗೆ ಇಟ್ಟೆ. ಅರಿವು ತಪ್ಪಿದವಳು ಹಲ್ಲು ಮಾತ್ರ ಬಿಗಿ ಹಿಡಿದಿದ್ದಳು. ನೀರು ಗದ್ದದ ಮೇಲೆ ಹರಿದು ಸ್ವೆಟರಿಗೆ ಇಳಿಯಿತು. ಕೆಳಗೆ ಪುಣೆಯ ರೈಲು ಬಂದು ನಿಂತಿತು. ಅದೇ ಹಮಾಲ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಿಕ್ಷಾಕ್ಕೆ ಓಡಿದ.

ಮೀರಜಿನಲ್ಲಿ ಆಸ್ಪತ್ರೆಗೆ ಬರವಿಲ್ಲ. ಹತ್ತಿರದ್ದಕ್ಕೆ ಹೋದೆವು. ನರ್ಸ್ ಸ್ವೆಟರ್ ಕತ್ತರಿಸಿದಳು, ಪ್ಲಾಸ್ಟಿಕ್ ಕತ್ತರಿಸಿದಳು, ಹಳದಿ ಹೊಟ್ಟೆ ನೋಡಿ ಕಾಮಾಲೆಯೇ ಎಂದು ಕೇಳಿದಳು. ಡಾಕ್ಟರ್ ನಾಡಿ ಹಿಡಿದವರು ಬಿಡಲೇ ಇಲ್ಲ. ಎದೆಯ ಬಡಿತ ತಪ್ಪುತ್ತಿದೆ, ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ನನ್ನನ್ನು ಕೇಳಬೇಡಿ ಎಂದು ಬೈದರು. ಸಲಾಯಿನ್ ಹಚ್ಚಿದರು.

ಫೋನ್ ಮಾಡಿದ್ದಕ್ಕೆ ಅತ್ತೆ ಬಂದರು, ಬರಿಗಾಲಲ್ಲಿ. ಮೊಮ್ಮಗಳನ್ನು ನೋಡಿ ಸೆರಗು ಬಾಯಿಗೊತ್ತಿಕೊಂಡರು. ಆಮೇಲೆ ಬಾಟಲಿಯನ್ನು, ನಳಿಕೆಯನ್ನು, ಸೂಜಿ ಚುಚ್ಚಿದ ಕೈಯನ್ನು ಒಂದೊಂದಾಗಿ ನೋಡಿ ಮೆಲ್ಲಗೆ ಕೇಳಿದರು: "ತ್ರಿಶಲಾ, ಇದು ಬಾಯಾಗ ಹೋಗಿಲ್ಲಲ್ಲ? ನೇಮ ಉಳಿತಲ್ಲ?"

ನಾನು ಉತ್ತರಿಸುವ ಮೊದಲೇ ಮೃಣಾಲ ಕಣ್ಣು ಬಿಟ್ಟಳು. ಅವಳ ದೃಷ್ಟಿಯೂ ಬಾಟಲಿಯ ಮೇಲೇ ನಿಂತಿತು.

"ಅದು ಎಷ್ಟರದು?"

ನಾನು ಅವಳ ಹೊದಿಕೆ ಸರಿಪಡಿಸಿದೆ.

"ಆಯೀ, ಎಷ್ಟು ಕಿಲೋ ಅದು? ಅರ್ಧನಾ?" ಗಂಟಲು ಹರಿದಂತೆ ಧ್ವನಿ. "ಎಷ್ಟು ಹೋಗ್ಯದ ಒಳಗ? ಬಾಡಿಗಿ ಮೋಟಾರ್ ಮಾಡು. ಸಂಜಿಯೊಳಗ ಮುಟ್ಟತೀವಿ. ತಗೀ ಇದನ್ನ."

ಎಡಗೈ ಎತ್ತಿ ಸೂಜಿಯತ್ತ ತಂದಳು. ನಾನು ಮಣಿಕಟ್ಟು ಹಿಡಿದು ಹಾಸಿಗೆಗೆ ಒತ್ತಿದೆ. ಅವಳು ಮೇಲಕ್ಕೆ ನೂಕಿದಳು. ತನ್ನ ಮೈಗಿಂತ ಭಾರದ ಕಬ್ಬಿಣವನ್ನು ತಲೆಯ ಮೇಲೆ ಹಿಡಿದು ನಿಲ್ಲುವ ಕೈ ಅದು. ಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ಒಂದು ಕೈಯಲ್ಲಿ ಸರಿಸುತ್ತಿತ್ತು. ನಾನು ಉಸಿರು ಕಟ್ಟಿ, ಎರಡೂ ಕಾಲೂರಿ, ಮೈಭಾರವೆಲ್ಲ ಹಾಕಲು ಸಿದ್ಧಳಾದೆ.

ಬೇಕಾಗಲಿಲ್ಲ. ನನ್ನ ಎರಡು ಬೆರಳೇ ಸಾಕಾದವು.

"ಬಿಡು ಆಯೀ," ಅಂದಳು. ಮತ್ತೊಮ್ಮೆ ನೂಕಿದಳು. ಕೈ ಏಳಲಿಲ್ಲ. ಅತ್ತೆ ಇನ್ನೊಂದು ಬದಿಗೆ ಬಂದು, ಏನೂ ಕೇಳದೆ, ಆ ಕೈಯ ಮೇಲೆ ತಮ್ಮ ಕೈಯನ್ನೂ ಇಟ್ಟರು. ನಾನು ಬೆರಳು ಬಿಗಿ ಮಾಡಲಿಲ್ಲ, ತೆಗೆಯಲೂ ಇಲ್ಲ. ಹನಿ ಬೀಳುವುದನ್ನು ನೋಡುತ್ತ, ಅವಳು ಇನ್ನೊಂದು ಸಲ ಜೋರಾಗಿ ನೂಕಲಿ, ನನ್ನನ್ನು ಸೋಲಿಸಲಿ ಎಂದು ಕಾಯುತ್ತ ನಿಂತೆ.