ನಲವತ್ತೊಂದು ಹೆಂಗಸರ ಮನೆ

"ಮನೆ ಎಲ್ಲಿ ಉಂಟು ಅಂತ ಕೇಳಿದ್ರೆ ಮನೆ ತೋರಿಸ್ಬೇಕು, ಬೇವರ್ಸಿ! ನಿನ್ನ ಮೋರೆ ಅಲ್ಲ!"

ಫೈಲು ಬಂದು ನನ್ನ ಟೈಪ್‌ರೈಟರಿನ ಮೇಲೆ ಬಿತ್ತು. ಎಸೆದವರು ವಸಂತಕುಮಾರ್, ಬಹರೈನಿನ ಮನಾಮದಲ್ಲಿ ಮನೆಕೆಲಸದವರನ್ನು ತರಿಸುವ ನಮ್ಮ ಏಜೆನ್ಸಿಯ ಮ್ಯಾನೇಜರು, ನನ್ನ ಊರಿನವರೇ. ಅವರ ಅಜ್ಜನ ಗದ್ದೆಯಲ್ಲಿ ನನ್ನ ಅಜ್ಜ ದುಡಿದಿದ್ದ. ಆ ಸಂಬಂಧವನ್ನು ಉಪ್ಪಿನಕಾಯಿ ಭರಣಿಯ ಜೊತೆ ಕಟ್ಟಿಕೊಂಡು ಅವರು ಸಮುದ್ರ ದಾಟಿಸಿ ತಂದಿದ್ದರು.

"ನಿನ್ನ ಅಜ್ಜ ನಮ್ಮ ಅಂಗಳದ ಹೊರಗೆ ಕೂತು ಗೆರಟೆಯಲ್ಲಿ ಗಂಜಿ ಕುಡೀತಿದ್ದ. ನೀನು ಇಲ್ಲಿ ಎಸಿಯಲ್ಲಿ ಕೂತು ಚಾ ಕುಡೀತಿ. ಆದ್ರೂ ಒಂದು ಕಾಗದ ಸರಿ ಮಾಡ್ಲಿಕ್ಕೆ ಆಗುದಿಲ್ಲ."

ಚಾ ಕುಡಿಯುತ್ತಿದ್ದದ್ದು ನಿಜ. ಆಫೀಸಿನ ಆರು ಗ್ಲಾಸುಗಳಲ್ಲಿ ನನ್ನದರ ತಳಕ್ಕೆ ಮಾತ್ರ ಕೆಂಪು ಬಣ್ಣದ ಚುಕ್ಕೆ ಇತ್ತು.

ಅದು ಎಂಬತ್ತಮೂರನೇ ಇಸವಿ. ಮನೆಕೆಲಸಕ್ಕೆಂದು ಫಿಲಿಪ್ಪೀನ್ಸಿನಿಂದ ಬರುವ ಪ್ರತಿ ಹೆಂಗಸಿನ ಕರಾರುಪತ್ರ ಡಿಪ್ಲೊಮ್ಯಾಟಿಕ್ ಏರಿಯಾದ ಅವರ ಸರಕಾರಿ ಕಚೇರಿಯ ಒಂದು ಕಿಟಕಿಗೆ ಹೋಗಬೇಕಿತ್ತು. ಅಲ್ಲಿ ಅವರ ದೇಶದವರು ಓದಿ ನೋಡಿ ನೇರಳೆ ಮುದ್ರೆ ಒತ್ತಿದ ಮೇಲೆಯೇ ಅವಳು ವಿಮಾನ ಹತ್ತುವುದು. ಸ್ವಂತ ಕೋಣೆ, ವಾರಕ್ಕೊಂದು ರಜೆ, ಮನೆಗೆ ಕಾಗದ ಬರೆಯುವ ಸ್ವಾತಂತ್ರ್ಯ ಎಲ್ಲವನ್ನೂ ನಾನೇ ಟೈಪ್ ಮಾಡುತ್ತಿದ್ದೆ, ಒಂದಕ್ಷರ ತಪ್ಪದೆ. ಈಗ ಕಿಟಕಿಯವರು ಹೊಸದೊಂದನ್ನು ಕೇಳಿದ್ದರು: ಕೆಲಸದ ಮನೆಗೆ ಹೋಗುವ ದಾರಿಯ ನಕ್ಷೆ, ಯಜಮಾನನ ಸಹಿ ಸಮೇತ.

"ಅರಬಿಯ ಹತ್ರ ಹೋಗಿ ನಿನ್ನ ಮನೆ ಬಾಗಿಲು ಬರ್ದು ಕೊಡು ಅಂತ ಹೇಳ್ಲಿಕ್ಕೆ ನಂಗೆ ಮರ್ಲಾ?" ಎಂದರು ವಸಂತಕುಮಾರ್. "ಎಂತದಾದ್ರೂ ಗೀಚು ಮಾರಾಯ. ಯಾರು ಹೋಗಿ ನೋಡ್ತಾರೆ?"

ಇಡೀ ಬಹರೈನಿನಲ್ಲಿ ನನಗೆ ಕಣ್ಣು ಮುಚ್ಚಿ ಗೊತ್ತಿದ್ದದ್ದು ಒಂದೇ ದಾರಿ. ಅದನ್ನೇ ಬರೆದೆ. ಮುಹರ್ರಕ್ ಸೇತುವೆ, ವಿಮಾನ ನಿಲ್ದಾಣದ ಬೇಲಿ, ಅರಾದ್ ಊರು, ಸಣ್ಣ ಮಸೀದಿ, ಕೋಲ್ಡ್ ಸ್ಟೋರ್ ಎನ್ನುವ ಮಲಯಾಳಿಯ ದಿನಸಿ ಅಂಗಡಿ, ಅದರ ಪಕ್ಕದಲ್ಲಿ ನೀಲಿ ಬಾಗಿಲು. ಆ ಬಾಗಿಲ ಹಿಂದೆ ನಾನೂ ಎಸಿ ಮೆಕ್ಯಾನಿಕ್ ರೊಕಿಯೂ ಎರಡು ಮಂಚ, ಒಂದು ಸ್ಟವ್ ಇಟ್ಟುಕೊಂಡು ಬದುಕಿದ್ದೆವು. ಯಜಮಾನನ ಸಹಿಯನ್ನು ವಸಂತಕುಮಾರ್ ಎಡಗೈಯಲ್ಲಿ ಹಾಕಿದರು. ಮುದ್ರೆ ಬಿತ್ತು.

ಆಮೇಲೆ ಬಂದವರಿಗೆಲ್ಲ ಅದೇ ನಕ್ಷೆ. ಮೊದಲನೆಯದರ ಮೇಲೆ ಹಾಳೆ ಇಟ್ಟು ತಿದ್ದಿದರೆ ಮುಗಿಯಿತು. ಎರಡು ವರ್ಷದಲ್ಲಿ, ಕಾಗದದ ಪ್ರಕಾರ, ನಮ್ಮ ಕೋಣೆಯಲ್ಲಿ ನಲವತ್ತೊಂದು ಹೆಂಗಸರು ಕೆಲಸಕ್ಕಿದ್ದರು. ರೊಕಿಗೆ ಹೇಳಿ ನಗುತ್ತಿದ್ದೆ.

"ಆದ್ರೂ ಪಾತ್ರೆ ನಾನೇ ತೊಳೀಬೇಕಲ್ಲ ಮಾರಾಯ್ರೆ," ಎನ್ನುತ್ತಿದ್ದ ಅವನು.

ನಲವತ್ತೊಂದನೆಯವಳು ಲುಜ್ವಿಮಿಂಡಾ. ವಿಮಾನ ಇಳಿದು ನೇರ ಆಫೀಸಿಗೆ ಬಂದವಳ ಕೈಯಿಂದ ವಸಂತಕುಮಾರ್ ಮುದ್ರೆ ಬಿದ್ದ ಕರಾರನ್ನು ತೆಗೆದುಕೊಂಡು, ಅರಬ್ಬಿಯ ಹಾಳೆಯೊಂದನ್ನು ಮುಂದಿಟ್ಟರು.

"ಇದರಲ್ಲಿ ಏನಿದೆ ಸರ್?" ಇಂಗ್ಲಿಷಿನಲ್ಲಿ ಕೇಳಿದಳು.

"ಸೇಮ್ ಸೇಮ್."

ಸೇಮ್ ಆಗಿರಲಿಲ್ಲ. ಅದರಲ್ಲಿ ಕೋಣೆಯಿಲ್ಲ, ರಜೆಯಿಲ್ಲ. ಬಿಟ್ಟು ಹೋಗುವಂತಿಲ್ಲ ಎಂಬುದು ಮಾತ್ರ ಎರಡು ಸಲ ಇತ್ತು. ಅವಳು ನನ್ನ ಕಡೆ ನೋಡಿದಳು. ನಾನು ಟೈಪ್‌ರೈಟರಿನ ರಿಬ್ಬನ್ ಸರಿಮಾಡತೊಡಗಿದೆ. ಅದು ಸರಿಯಾಗಿಯೇ ಇತ್ತು.

ಅವಳ ಪಾಸ್‌ಪೋರ್ಟು ಮ್ಯಾನೇಜರ ಡ್ರಾಯರಿಗೆ ಹೋಯಿತು, ನನ್ನದರ ಮೇಲೆ.

"ನಕ್ಷೆ ಮಾತ್ರ ಕೊಡಿ ಸರ್. ನಾನು ಎಲ್ಲಿದ್ದೇನೆ ಅಂತ ಅಮ್ಮನಿಗೆ ತಿಳಿಸಬೇಕು."

"ಕೊಡು ಮಾರಾಯ, ಗೋಡೆಗೆ ಅಂಟಿಸ್ಲಿ," ವಸಂತಕುಮಾರ್ ಕನ್ನಡದಲ್ಲಿ ನಕ್ಕರು. "ಇವಕ್ಕೆಲ್ಲ ಅದೊಂದು ಬೇಕು."

ಅವಳು ಅದನ್ನು ಮಡಚಿ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಳು. ಡ್ರೈವರ್ ಅವಳನ್ನು ಅರಾದಿನ ಆಚೆಯ ಊರು ಹಿದ್‌ನ ಒಂದು ಮನೆಗೆ ಒಯ್ದ. ಆ ಮನೆಗೆ ಅವಳು ಎರಡನೆಯವಳು. ಮೊದಲು ಕ್ಲಾರಾ ಎಂಬವಳಿದ್ದಳು. ಅವಳ ಹೆಸರಿನ ಮುಂದೆ 'ಓಡಿಹೋದಳು' ಎಂದು ವಸಂತಕುಮಾರ್ ಬರೆಸಿದ್ದರು, ನಾನು ಬರೆದಿದ್ದೆ. ಎಲ್ಲಿಗೆ ಎಂದು ತುಂಬುವ ಜಾಗ ನಮ್ಮ ರಿಜಿಸ್ಟರಿನಲ್ಲಿ ಇರಲಿಲ್ಲ.

ಐದು ತಿಂಗಳಾದ ಮೇಲೆ ಒಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ, ರೊಕಿ ಬಾಗಿಲಿನಿಂದ ಕೂಗಿದ.

"ಲೀಲಣ್ಣ, ಬೇಗ ಬನ್ನಿ! ಯಾರೋ ಒಂದು ಹೆಂಗಸು. ಕೈಯಲ್ಲಿ ನಮ್ಮ ಮನೆ ಉಂಟು!"

ಲುಜ್ವಿಮಿಂಡಾ ಹಿದ್‌ನಿಂದ ಬಿಸಿಲಲ್ಲಿ ನಡೆದು ಬಂದಿದ್ದಳು. ಒಂದೇ ಕಾಲಲ್ಲಿ ಚಪ್ಪಲಿ. ಬಲಗೈಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿದ ಹಾಗೆ ಕೂತಿತ್ತು. ಮಸೀದಿ ನೋಡಿದಳು, ನಕ್ಷೆ ನೋಡಿದಳು. ಕೋಲ್ಡ್ ಸ್ಟೋರ್ ನೋಡಿದಳು, ನಕ್ಷೆ ನೋಡಿದಳು. ಬಾಗಿಲು ಮುಟ್ಟಿ ನೋಡಿದಳು.

"ಇದು ನನ್ನ ಕೆಲಸದ ಮನೆ. ತಪ್ಪಾಗಿ ಬೇರೆ ಮನೆಗೆ ಒಯ್ದಿದ್ದರು. ಯಜಮಾನರಿಗೆ ಹೇಳಿ ಸರ್, ತಡವಾಯಿತು, ಬಂದಿದ್ದೇನೆ. ನನ್ನ ಕೋಣೆ ಯಾವುದು?"

ಎರಡು ವರ್ಷ ನಾವು ಹೇಳಿ ನಕ್ಕ ಮಾತು ಹೊಸ್ತಿಲಲ್ಲಿ ನಿಂತು ನೀರಿಗಾಗಿ ಕೈಚಾಚಿತ್ತು.

ಯಜಮಾನರಿಲ್ಲ, ನಕ್ಷೆ ಬರೆದವನು ನಾನು, ಇದು ನಾನಿರುವ ಕೋಣೆ ಎಂದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಪ್ರಾರ್ಥನೆ ಪುಸ್ತಕದಿಂದ ಇನ್ನೊಂದು ಹಾಳೆ ತೆಗೆದಳು. ಎಣ್ಣೆ ಹತ್ತಿದ್ದು, ನನ್ನದೇ ಗೆರೆಗಳು. ಮೇಲೆ ಕ್ಲಾರಾ ಎಂಬ ಹೆಸರು.

"ಆ ಮನೆಯ ಅಡುಗೆಕೋಣೆಯ ಕಪಾಟಿನಲ್ಲಿ ಹಾಸಿದ ಪೇಪರಿನಡಿ ಇತ್ತು. ಇವಳು ನನಗಿಂತ ಮೊದಲು ಇಲ್ಲಿಗೆ ಬಂದಿರಬೇಕಲ್ಲ?"

"ಯಾರೂ ಬಂದಿಲ್ಲ."

ಅವಳು ತನ್ನ ಕಾಲಿನ ಒಂಟಿ ಚಪ್ಪಲಿಯನ್ನು ನೋಡಿಕೊಂಡಳು.

"ಅವಳ ಚಪ್ಪಲಿ ಆ ಮನೆಯಲ್ಲೇ ಇವೆ ಸರ್. ಎರಡೂ."

ಒಳಗೆ ರೊಕಿ ತಟ್ಟೆಗೆ ಅನ್ನ ಬಡಿಸುತ್ತಾ ಗೊಣಗಿದ: "ಇವಳನ್ನು ಇಟ್ಕೊಂಡ್ರೆ ನಮ್ಮಿಬ್ಬರಿಗೂ ಜೈಲು, ಲೀಲಣ್ಣ. ನಿಮ್ಮ ಪಾಸ್‌ಪೋರ್ಟೂ ಅವ್ರ ಹತ್ರ ಉಂಟು." ಗೊಣಗಿಕೊಂಡೇ ಮೀನಿನ ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿದ.

ನಾಲ್ಕು ಗಂಟೆಗೆ ಪೊಲೀಸ್ ಜೀಪು ಬಂತು. ಹಿದ್‌ನ ಯಜಮಾನ ದೂರು ಕೊಟ್ಟಿದ್ದ. ಠಾಣೆಯವರು ಕರಾರು ತರಿಸಿ ನೋಡಿದರೆ ಮನೆ ಅರಾದಿನಲ್ಲಿತ್ತು. ಇದೇನು ಎಂದು ಕೇಳಿದಾಗ ಗುಮಾಸ್ತನ ತಪ್ಪು ಎಂದು ಹೇಳಿ, ಗುಮಾಸ್ತನನ್ನು, ಅಂದರೆ ನನ್ನನ್ನು, ತೋರಿಸಲು ವಸಂತಕುಮಾರ್ ಪೊಲೀಸನನ್ನು ಕರೆತಂದಿದ್ದರು. ಪೊಲೀಸ್ ಬಲೂಚಿ, ಉರ್ದು ಮಾತಾಡುವವನು.

"ಟೈಪಿಂಗ್ ಮಿಸ್ಟೇಕ್ ಅಂತ ಹೇಳು. ಅಷ್ಟೇ ಸಾಕು," ವಸಂತಕುಮಾರ್ ಕನ್ನಡದಲ್ಲಿ, ನಗುಮುಖದಲ್ಲೇ ಹೇಳಿದರು. ಆಮೇಲೆ ನನ್ನ ಹೆಗಲ ಮೇಲಿಂದ ಒಳಗೆ ಅವರ ಕಣ್ಣು ಹೋಯಿತು. ನಗು ಹಾಗೇ ಉಳಿಯಿತು, ದನಿ ಮಾತ್ರ ಬದಲಾಯಿತು. "ಬೋಳಿಮಗನೆ, ಇಲ್ಲಿ ಇಟ್ಕೊಂಡಿದ್ದೀಯಾ? ಸುಮ್ನೆ ಜೀಪಿಗೆ ಹತ್ಸು ಅದನ್ನ. ನಾಳೆ ನಿನ್ನ ಪಾಸ್‌ಪೋರ್ಟ್ ಕೈಗೆ ಕೊಡ್ತೇನೆ, ಊರಿಗೆ ಹೋಗಿ ಸಾಯಿ. ಇಲ್ಲದಿದ್ರೆ ಇಲ್ಲಿಯ ಜೈಲಲ್ಲಿ ನಿಂಗೆ ಗೆರಟೆಯೂ ಸಿಗುದಿಲ್ಲ."

ನಾನು ಒಳಗೆ ಹೋದೆ. ಲುಜ್ವಿಮಿಂಡಾ ನನ್ನ ಮುಖ ನೋಡುತ್ತಾ ಎರಡೂ ಹಾಳೆಗಳನ್ನು ಎದೆಗೊತ್ತಿ ಹಿಡಿದಿದ್ದಳು. ಕೈ ಚಾಚಿದೆ. ಸುಮಾರು ಹೊತ್ತಿನ ಮೇಲೆ ಕೊಟ್ಟಳು. ಹೊರಗೆ ಬಂದು ಅವನ್ನು ಪೊಲೀಸನ ಕೈಗಿಟ್ಟು, ನನಗೆ ಬರುವ ಹಿಂದಿಯಲ್ಲಿ ಹೇಳಿದೆ:

"ಸಾಬ್, ಎರಡಕ್ಕೂ ಮುದ್ರೆ ಇದೆ. ಕರಾರಿನ ಮನೆ ಇದೇ. ಇವಳು ಓಡಿಹೋಗಿಲ್ಲ, ತನ್ನ ಕೆಲಸದ ಮನೆಗೆ ಬಂದಿದ್ದಾಳೆ. ಕ್ಲಾರಾ ಎಂಬವಳೂ ಇಲ್ಲೇ ಇರಬೇಕಿತ್ತು. ಬಂದೇ ಇಲ್ಲ. ಗೆರೆ ನನ್ನದು. ಸಹಿ ಇವರದು, ಎಡಗೈಯದು."

"ಸಾಬ್, ಸುಳ್ಳು! ಇವನ ಜಾತಿಯೇ…" ಎಂದು ಶುರುಮಾಡಿದ ವಸಂತಕುಮಾರ್, ಅದಕ್ಕೆ ಉರ್ದುವಿನಲ್ಲಿ ಏನನ್ನುತ್ತಾರೆಂದು ತಿಳಿಯದೆ ನಿಂತರು.

ಪೊಲೀಸ್ ಒಂದು ಹಾಳೆಯನ್ನು ಇನ್ನೊಂದರ ಮೇಲಿಟ್ಟು ಬಿಸಿಲಿಗೆ ಹಿಡಿದ. ಮಸೀದಿಯ ಮೇಲೆ ಮಸೀದಿ ಕೂತಿತು, ಬಾಗಿಲ ಮೇಲೆ ಬಾಗಿಲು. ತಲೆಯೆತ್ತಿ ಮಸೀದಿ ನೋಡಿದ, ಕೋಲ್ಡ್ ಸ್ಟೋರ್ ನೋಡಿದ. ನಮ್ಮ ನೀಲಿ ಬಾಗಿಲನ್ನು ಬೆರಳಿನಿಂದ ಎರಡು ಸಲ ಬಡಿದ, ಅದು ನಿಜವೋ ಎಂದು ನೋಡುವವನಂತೆ.

"ದೂಸ್ರಿ ಕಹಾಂ ಹೈ?"

ಇನ್ನೊಬ್ಬಳೆಲ್ಲಿ ಎಂದು ಅವನು ಕೇಳಿದ್ದು ನನ್ನನ್ನಲ್ಲ. ವಸಂತಕುಮಾರ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಮೇಲೆ ವಿಮಾನವೊಂದು ಗಾಲಿ ಚಾಚಿ ಇಳಿಯುತ್ತಿತ್ತು.

ಲುಜ್ವಿಮಿಂಡಾ ಹೊಸ್ತಿಲಿಗೆ ಬಂದು ನನ್ನ ಪಕ್ಕ ನಿಂತಳು. ಪೊಲೀಸ್ ಹಾಳೆಗಳನ್ನು ಮಡಚಿ ಜೇಬಿಗಿಟ್ಟು, ಜೀಪಿನ ಹಿಂಬಾಗಿಲನ್ನು ತೆರೆದು ಹಿಡಿದ. ಯಾರು ಹತ್ತಬೇಕೆಂದು ಹೇಳಲಿಲ್ಲ.