ಎರಡನೆಯ ಸುತ್ತಿನ ಕೂಗು

ಸಾಲ್ತಾ ಊರಿನ ಸಂಗೀತ ಭವನದಲ್ಲಿ ಕಛೇರಿಗೆ ಇನ್ನು ಅರ್ಧ ಗಂಟೆ. ಸುಲೇಮಾ ತನ್ನ ಚೆಲ್ಲೋ ವಾದ್ಯದ ಕಮಾನಿಗೆ ರಾಳ ತಿಕ್ಕುತ್ತ ಕುಳಿತಿದ್ದಳು. ಅಚ್ಚಾದ ಕಾರ್ಯಕ್ರಮದ ಹಾಳೆ ಕೈಗೆ ಬಂತು. ಕೊನೆಯ ಸಾಲು ಓದಿ ರಾಳ ಕೆಳಗಿಟ್ಟಳು. ‘ಜಾನಪದ ಹಾಡು. ಕಟ್ಟಿದವರು ತಿಳಿದಿಲ್ಲ. ಅಳವಡಿಕೆ: ಎವರಿಸ್ತೋ ಲೆಸ್ಕಾನೋ.’

ಎವರಿಸ್ತೋ ಅವಳ ಪಿಯಾನೋ ಜೊತೆಗಾರ. ಹದಿನೆಂಟು ವರ್ಷದಿಂದ ಇಬ್ಬರೂ ಶಾಸ್ತ್ರೀಯವನ್ನೂ ಬೆಟ್ಟದ ಹಾಡನ್ನೂ ಕಲೆಸಿ, ನಡುವೆ ಮನಸ್ಸಿಗೆ ಬಂದದ್ದನ್ನು ಸೇರಿಸಿ ನುಡಿಸುತ್ತ ಬಂದವರು.

“ಇದನ್ನ ಬರೆದೋರು ಯಾರೋ?”

“ನಾನೇ. ಬೆಟ್ಟದಿಂದ ತಂದದ್ದಕ್ಕೆಲ್ಲ ಹಾಗೇ ಬರೀತೀವಲ್ಲ. ಕೈ ಅಭ್ಯಾಸ ಕಣೇ.”

“ಆ ‘ತಿಳಿದಿಲ್ಲ’ದೋಳು ನಿನಗೆ ಮೂರು ದಿನ ಜೋಳದ ಗಂಜಿ ಹಾಕಿದ್ಳು. ಕುಡಿಯೋವಾಗ ಹೆಸರು ತಿಳಿದಿತ್ತಾ?”

ಎವರಿಸ್ತೋ ಹಾಳೆಯನ್ನು ಮಡಚಿ ಜೇಬಿಗೆ ತುರುಕಿದ.

ಆ ಹಾಡು ಬೆಟ್ಟದ ನೇಕಾರ್ತಿ ಕ್ರಿಸಾಂತಾಳದು; ‘ದೋನ್ಯಾ’, ಅಂದರೆ ಅಮ್ಮನವರು, ಎಂದೇ ಎಲ್ಲರೂ ಕರೆಯುವುದು. ಕಬ್ಬು ಕಡಿಯಲು ಹೋದ ಗಂಡ ಮರಳದ ವರ್ಷ ಮಗ್ಗದ ಮುಂದೆ ಕಟ್ಟಿದ್ದು. ಇವತ್ತು ಅವಳು ಆರು ಗಂಟೆ ಹೊತ್ತು ಬಸ್ಸಿನಲ್ಲಿ ಕುಳಿತು ಬಂದು ಮೂರನೆಯ ಸಾಲಿನಲ್ಲಿದ್ದಾಳೆ. ಅವಳಿಗೆ ಓದು ಬಾರದು. ಪಕ್ಕದಲ್ಲಿ ಮೊಮ್ಮಗಳಿದ್ದಾಳೆ, ಓದಿ ಹೇಳುತ್ತಾಳೆ. ಅದನ್ನು ನೆನೆದೇ ಸುಲೇಮಾಳ ಕಿವಿ ಬಿಸಿಯಾಯಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಅನ್ನುತ್ತಾರೆ; ಇಲ್ಲಿ ಹಾವಿನ ಜೊತೆ ತಾನೂ ಸೇರಿದ್ದಳಲ್ಲ.

ಹಾಳೆ ತಿದ್ದಿಸಿ, ಇಲ್ಲವೇ ವೇದಿಕೆಯ ಮೇಲೆ ಅವಳ ಹೆಸರು ಹೇಳಲು ಬಿಡಿ ಎಂದು ಕೇಳಲು ಸುಲೇಮಾ ಭವನದ ಮುಖ್ಯಸ್ಥ ಅರಾನ್ಸಿಬಿಯಾನ ಬಳಿಗೆ ಹೋದಳು.

“ಅಚ್ಚಾಗಿ ಹೋಗಿದೆ, ಅಮ್ಮ. ರೇಡಿಯೋದವರು ನೇರ ಬಿತ್ತರಿಸ್ತಿದಾರೆ, ವೇದಿಕೆ ಮೇಲೆ ಭಾಷಣ ಬೇಡ. ಸಭೆಯೋರ ಕೂಗಾಟವೂ ಬೇಡ, ಇದು ಸಂತೆಯಲ್ಲ. ಬೆಟ್ಟದ ಹಾಡು ಅಂದ್ರೆ ಗಾಳಿ ಇದ್ದ ಹಾಗೆ. ಯಾರಪ್ಪನ ಸೊತ್ತು ಅದು?”

“ನಿಮ್ಮ ಮೀಸೇನೂ ಗಾಳೀಲೇ ಬೆಳೀತಲ್ವಾ? ದಾರೀಲಿ ಹೋಗೋರು ಕಿತ್ಕೊಂಡು ಹೋಗ್ಲಾ?” ಎಂದು ಸುಲೇಮಾ ತಿರುಗಿ ಬಂದಳು.

ಕರವಸ್ತ್ರ ಬೀಸುತ್ತ ಕುಣಿಯುವ ಆ ಹಾಡಿಗೆ ಎರಡು ಸುತ್ತು. ಮೊದಲನೆಯದು ಮುಗಿದಾಗ ಯಾರಾದರೂ “ಎರಡನೆಯದು ಹೊರಟಿತು” ಎಂದು ಕೂಗಬೇಕು. ಹಾಡು ಕಟ್ಟಿದವರೇ ಅಂಗಳದಲ್ಲಿದ್ದರೆ ಕೂಗು ಅವರದೇ. ಬೇರೆಯವರು ಬಾಯಿ ಹಾಕುವುದಿಲ್ಲ. ಭವನಗಳಲ್ಲಿ ಸುಲೇಮಾ, ಎವರಿಸ್ತೋ ಇಬ್ಬರೂ ಆ ಕೂಗನ್ನು ಬಿಟ್ಟು, ಪಿಯಾನೋದ ನಾಲ್ಕು ಸ್ವರದಲ್ಲಿ ದಾಟಿಬಿಡುತ್ತಿದ್ದರು.

ಇವತ್ತೂ ಕಛೇರಿಯ ಕೊನೆಗೆ ಆ ಹಾಡಿನ ಮೊದಲ ಸುತ್ತು ಮುಗಿದಾಗ ಎವರಿಸ್ತೋ ಆ ನಾಲ್ಕು ಸ್ವರ ನುಡಿಸಿದ. ಚೆಲ್ಲೋ ಬರಲಿಲ್ಲ. ಸುಲೇಮಾ ಕಮಾನನ್ನು ಮೇಲೆತ್ತಿ ಮೂರನೆಯ ಸಾಲನ್ನೇ ನೋಡುತ್ತ ಕುಳಿತಿದ್ದಳು. ಮತ್ತೊಮ್ಮೆ ನುಡಿಸಿದ. ಕಮಾನು ಇಳಿಯಲಿಲ್ಲ. ಆಮೇಲೆ ಅವನು ಅದನ್ನೇ ಸುತ್ತತೊಡಗಿದ. ಒಮ್ಮೆ ಇಗರ್ಜಿಯ ಗಂಭೀರ ಸ್ವರಗಳಂತೆ, ಒಮ್ಮೆ ಬೆಟ್ಟದ ಡೋಲಿನ ಬಡಿತದಂತೆ. ಹಣೆಯಲ್ಲಿ ಬೆವರು. ಪರದೆಯ ಮರೆಯಿಂದ ಅರಾನ್ಸಿಬಿಯಾ ಕೈ ಬೀಸುತ್ತಿದ್ದ. ಸುಲೇಮಾಳ ಕಮಾನು ಎತ್ತಿದ್ದು ಎತ್ತಿದ ಹಾಗೇ ಇತ್ತು.

ಕೊನೆಗೆ ಎವರಿಸ್ತೋ ಬೆರಳು ನಿಲ್ಲಿಸದೆಯೇ ಸಭೆಯ ಕಡೆ ತಿರುಗಿದ.

“ದೋನ್ಯಾ ಕ್ರಿಸಾಂತಾ, ಹಾಡು ಕಟ್ಟಿದೋರು ನೀವು. ಕಾರ್ಯಕ್ರಮದ ಹಾಳೇಲಿ ನಿಮ್ಮ ಹೆಸರು ನುಂಗಿದೋನು ನಾನು. ನೀವು ಕೂಗದೆ ನಮಗೆ ಮುಂದೆ ದಾರಿಯಿಲ್ಲ.”

ರೇಡಿಯೋ ಕೇಳುತ್ತಿದ್ದ ಮನೆಮನೆಗೂ ಅದು ಹೋಯಿತು. ಕ್ರಿಸಾಂತಾ ಎದ್ದು, ಟೋಪಿ ಸರಿಮಾಡಿಕೊಂಡಳು.

“ಅದೇನೋ ಓದಿ ಹೇಳಿದಳು ಇವಳು. ನಾನೇನು ಸತ್ತು ಹೋಗಿದೀನಾ ಅಂದ್ಕೊಂಡೆ,” ಎಂದಳು. ಆಮೇಲೆ ಕಣಿವೆಯ ಆಚೆ ದಡಕ್ಕೆ ಮುಟ್ಟುವ ದನಿಯಲ್ಲಿ ಕೂಗಿದಳು: “ಎರಡನೆಯದು ಹೊರಟಿತು!”

ಕಮಾನು ಇಳಿಯಿತು. ಸುಲೇಮಾ ಎವರಿಸ್ತೋನ ಮುಖ ನೋಡಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಹಾಗೇ ಇತ್ತು. ತಂತಿ ಅದನ್ನೂ ಸೇರಿಸಿಕೊಂಡೇ ನುಡಿಯಿತು.