ಹೈದರಾಬಾದಿಗೆ ಮುಕ್ಕಾಲು ತಾಸು

ಶಹಾಬಾದದ ಹೊರಗೆ ಗುತ್ತೇದಾರ ರೇವಣಪ್ಪನ ಖಡಿ ಗಣಿ, ಜಲ್ಲಿಕಲ್ಲು ಒಡೆಯುವ ಜಾಗ. ಬಂಡೆಗೆ ಮದ್ದು ತುಂಬಿ ಸಿಡಿಸುವ ಹೊತ್ತಿಗೆ ಯಂಕಮ್ಮ ಕೆಂಪು ಅರಿವೆ ಎತ್ತಿ ದಾರಿಗೆ ಅಡ್ಡ ನಿಲ್ಲುತ್ತಿದ್ದಳು. ಅದನ್ನು ಕಂಡರೆ ಬಂಡಿ ನಿಲ್ಲಬೇಕು. ಒಮ್ಮೆ ತಾಲೂಕದಾರ ಸಾಹೇಬರ ಮೋಟಾರೂ ನಿಂತಿತ್ತು. ನಿಜಾಮನ ಇಡೀ ರಾಜ್ಯದಲ್ಲಿ ಅವಳ ಮಾತು ನಡೆಯುತ್ತಿದ್ದುದು ಆ ತುಂಡು ಬಟ್ಟೆ ಕೈಯಲ್ಲಿದ್ದಷ್ಟು ಹೊತ್ತು ಮಾತ್ರ.

ಅವಳ ಗಂಡ ಭೀಮಶಾ ಹೈದರಾಬಾದಿನಲ್ಲಿದ್ದ. ಅಲ್ಲಿ ವಿಮಾನ ಇಳಿಯುವ ಬಯಲಿಗೆ ಈ ಗಣಿಯ ಖಡಿ ಹೋಗುತ್ತಿತ್ತು. ಖಡಿಯ ಜೊತೆ ಅದನ್ನು ಹಾಸುವ ಆಳುಗಳೂ ಹೋಗುತ್ತಿದ್ದರು.

ಅಂದು ಸಿಡಿತ ಮುಗಿದು ಧೂಳು ಆರುತ್ತಿದ್ದಾಗ ಗಣಿಯ ಲೆಕ್ಕ ಬರೆಯುವ ಮುನಶಿ ಗುರುಲಿಂಗಯ್ಯ ಬಂದ.

"ಯಂಕಮ್ಮ, ತಾರ ಬಂದದ. ಭೀಮಶಾನ ಮ್ಯಾಲ ಖಡಿ ಲಾರಿ ಹೋಗ್ಯಾದ. ದವಾಖಾನ್ಯಾಗ ನಿನ್ನ ಹೆಸರು ಹಿಡದು ಕರ್ಯಾಕತ್ತಾನಂತ."

"ಯಾವಾಗ ಬಂತ್ರಿ ಅಯ್ಯನೋರೆ?"

"ಮುಂಜಾನಿ."

"ಮುಂಜಾನೀನs? ವಾಡಿ ಟೇಶನ್ನಾಗ ನನಗ ಮುಂಜಾನಿ ಗಾಡಿ ಸಿಗತಿತ್ತಲ್ರಿ!"

"ಸಿಗತಿತ್ತು. ಇಲ್ಲಿ ಅರಿವಿ ಯಾರು ಹಿಡೀತಿದ್ರು, ನಾನೇನು?"

ಆಮೇಲೆ ಅವನೇ ಲೆಕ್ಕ ಹೇಳಿದ. ಇನ್ನು ಸಂಜೆಯ ಗಾಡಿಯೇ ಗತಿ. ಚಿತ್ತಾಪುರ, ಸೇಡಂ ಎಂದು ನಿಂತು ನಿಂತು ಹೋಗಿ ಮರುದಿನ ಬೆಳಗಿಗೆ ಮುಟ್ಟುತ್ತದೆ. "ವಿಮಾನದ್ದು ಬ್ಯಾರೆ ನೋಡು. ಹಕ್ಕಿ ಹೋದಂಗ ನೆಟ್ಟಗ ನೂರs ಮೈಲಿ. ನಮ್ಮ ಗುತ್ತೇದಾರ್ರು ಕುಂತು ಬಂದಾರ. ಇಲ್ಲಿ ತಲಿ ಮ್ಯಾಲ ಕಂಡ್ರ, ಮುಕ್ಕಾಲು ತಾಸಿಗಿ ಹೈದರಾಬಾದು!"

ಪಡುವಣದಿಂದ ವಿಮಾನದ ಸದ್ದು ಬಂತು. ಯಂಕಮ್ಮ ಓಡಿದಳು. ಖಡಿಯ ಗುಡ್ಡೆ ಹತ್ತಿ ಅರಿವೆ ಬೀಸತೊಡಗಿದಳು.

"ಏ ಯಂಕವ್ವಾ!" ಕಲ್ಲು ಹೊರುತ್ತಿದ್ದ ಶಹರಬಾನು ಕೂಗಿದಳು. "ಇಳಿಯೇ! ಅದೇನು ಮಾಣಿಕಪ್ಪನ ಎತ್ತಿನ ಬಂಡಿ ಅಂದ್ಕೊಂಡಿ?"

"ಕೆಂಪು ಅರಿವಿಗಿ ಎಲ್ಲಾರೂ ನಿಂದ್ರತಾರ! ಅದೂ ನಿಂದ್ರಬೇಕು!"

ಆಳುಗಳು ನಕ್ಕರು. ಅವಳು ಬೀಸುತ್ತಲೇ ಇದ್ದಳು. ಕಾಲಡಿ ಖಡಿ ಜಾರಿ ಮಂಡಿ ಒಡೆದರೂ ಬಿಡಲಿಲ್ಲ. ಆಗ ನಗು ನಿಂತಿತು.

ವಿಮಾನ ನಿಲ್ಲಲಿಲ್ಲ. ಅದರ ನೆರಳು ಅವಳ ಮೇಲೆ ಹಾದು, ಭೀಮಶಾ ಮಲಗಿದ್ದ ಊರಿನ ಕಡೆಗೇ ಹೋಯಿತು. ಅದು ಇಳಿಯುವ ನೆಲ ಹಾಸಿದವರ ಎದೆ ಲಾರಿಯಡಿ ಒಡೆದಿತ್ತು. ಅದರಲ್ಲಿ ಅವರ ಹೆಂಡಿರಿಗೆ ಕೂರುವ ಜಾಗವಿರಲಿಲ್ಲ.

ಯಂಕಮ್ಮ ಮರುದಿನ ಬೆಳಿಗ್ಗೆ ದವಾಖಾನೆ ಮುಟ್ಟಿದಳು. ಬಾಗಿಲಲ್ಲಿದ್ದ ಜವಾನ ಉರ್ದುವಿನಲ್ಲಿ ಏನೋ ಹೇಳಿದ. ಕಸ ಗುಡಿಸುತ್ತಿದ್ದ ಲತೀಫಾ ಅದನ್ನು ಬಿಡಿಸಿ ತಿಳಿಸಿದಳು: ಭೀಮಶಾ ನಿನ್ನೆ ಇಳಿಹೊತ್ತಿಗೆ ತೀರಿಕೊಂಡ. ಜೊತೆಯ ಆಳುಗಳಿಗೆ ಕೆಲಸ ಬಿಟ್ಟು ಬರಲು ಅಪ್ಪಣೆ ಸಿಗಲಿಲ್ಲ. ವಾರಸುದಾರರಿಲ್ಲವೆಂದು ಹೊತ್ತು ಮುಳುಗುವ ಮೊದಲೇ ಹೂಳಿಬಿಟ್ಟರು.

ಲತೀಫಾ ಅವಳನ್ನು ಊರ ಹೊರಗಿನ ಬಯಲಿಗೆ ಕರೆದೊಯ್ದಳು. ಹಸಿ ಮಣ್ಣಿನ ಗುಡ್ಡೆಗಳು ಸಾಲಾಗಿದ್ದವು, ಯಾವುದಕ್ಕೂ ಗುರುತಿಲ್ಲ.

"ಇದರಾಗ ನಮ್ಮಾಂವ ಯಾಂವ?"

"ಮಾಲೂಮ್ ನೈ, ಮಾ." ಲತೀಫಾ ಗೊತ್ತಿಲ್ಲವೆಂದು ತಲೆಯಾಡಿಸಿದಳು.

ಸತ್ತವರಿಗೆ ಮನೆಯವರು ಹಿಡಿಮಣ್ಣು ಕೊಡಬೇಕು. ಯಂಕಮ್ಮ ಬಗ್ಗಿ ಮಣ್ಣು ತೆಗೆದಳು. ಮೊದಲ ಗುಡ್ಡೆಗೆ ಹಾಕಿ, "ಬಂದೀನಿ" ಎಂದಳು. ಪಕ್ಕದ್ದಕ್ಕೆ ಹಾಕಿ, "ಬಂದೀನಿ" ಎಂದಳು. ಸಾಲು ಇನ್ನೂ ಉದ್ದವಿತ್ತು.